ಬೂಟು ಕಸಿದವಳು

ಸೆಪ್ಟೆಂಬರ್ ೪

ಮೊಂಡಿ,

ಫೋನು ಮಾಡಿದರೆ ಮೂರನೇ ಮಾತಿಗೆ ನೀನು ಇಟ್ಟುಬಿಡುತ್ತೀಯ, ಇಲ್ಲವೇ ನಾನು. ಕಾಗದಕ್ಕೆ ಆ ಸೌಕರ್ಯವಿಲ್ಲ, ಕೈಗೆ ಬಂದಮೇಲೆ ಕೊನೆಯವರೆಗೆ ಓದಲೇಬೇಕು. ಅದಕ್ಕೇ ಏಳು ತಿಂಗಳ ಮೇಲೆ ಪೆನ್ನು ಹಿಡಿದಿದ್ದೇನೆ.

ಎಡಮಂಡಿ ಒಂದನ್ನು ಬಿಟ್ಟರೆ ನಾನು ನೆಟ್ಟಗಿದ್ದೇನೆ. ಕಾರ್ಖಾನೆಯಲ್ಲಿ ನನ್ನ ಹೊಲಿಗೆ ಮಷೀನನ್ನು ಕಿಟಕಿಯ ಪಕ್ಕಕ್ಕೆ ಹಾಕಿದ್ದಾರೆ. ಹದಿನೆಂಟು ವರ್ಷ ಶಾಲಾ ಸಮವಸ್ತ್ರದ ಕಾಲರ್ ಹೊಲಿದದ್ದಕ್ಕೆ ಸಿಕ್ಕ ಬಹುಮಾನ ಆ ಕಿಟಕಿ. ಅಲ್ಲಿಂದ ಎದುರು ಕಟ್ಟಡದ ಗೋಡೆ ಬಹಳ ಚೆನ್ನಾಗಿ ಕಾಣುತ್ತದೆ.

ವಿಷಯಕ್ಕೆ ಬರುತ್ತೇನೆ. ನಾವು ಬಟ್ಟೆ ಹೊಲಿದುಕೊಡುವ ಶಾಲೆಯೊಂದರಲ್ಲಿ ಆಟದ ಮೇಡಂ ಕೆಲಸ ಖಾಲಿಯಿದೆ. ಹೆಡ್‌ಮಿಸ್ ಅಳತೆ ಕೊಡಲು ಬಂದಾಗ ನಾನೇ ನಾಚಿಕೆ ಬಿಟ್ಟು ನಿನ್ನ ವಿಚಾರ ತೆಗೆದೆ. ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ಬೆಟ್ಟ ಹತ್ತಿಸುವುದೂ ಒಂದು ಉದ್ಯೋಗವೇ? ಜನ ಹತ್ತುತ್ತಾರೆ, ಆಮೇಲೆ ಇಳಿಯುತ್ತಾರೆ. ಇದ್ದಲ್ಲೇ ಇದ್ದಿದ್ದರೆ ಎರಡೂ ಶ್ರಮ ಉಳಿಯುತ್ತಿತ್ತು.

ಇಪ್ಪತ್ತೊಂಬತ್ತು ತುಂಬಿತು ನಿನಗೆ. ಯೋಚನೆ ಮಾಡು.

ಅಮ್ಮ

*

ಸೆಪ್ಟೆಂಬರ್ ೧೭

ಅಮ್ಮಾ,

ಕೊನೆಯವರೆಗೆ ಓದಿದೆ. ಶಾಲೆಯ ಕೆಲಸ ಬೇಡ. ಸಾಲಾಗಿ ನಿಲ್ಲಿ ಎಂದು ಸೀಟಿ ಊದುತ್ತಾ ಮುದುಕಿಯಾಗಲು ನನ್ನಿಂದ ಆಗದು.

ನನ್ನ ಕೆಲಸ ಏನೆಂದು ನೀನು ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಜನ ನಮ್ಮ ಕಂಪನಿಯಲ್ಲಿ ಹೆಸರು ಬರೆಸಿ ಚಾರಣಕ್ಕೆ ಬರುತ್ತಾರೆ. ಆರೇಳು ದಿನ ಅವರನ್ನು ಮೇಲಕ್ಕೆ ಕರೆದುಕೊಂಡು ಹೋಗಿ, ಹೋದಷ್ಟೇ ಜನರನ್ನು ವಾಪಸು ತರುವುದು ನನ್ನ ಕೆಲಸ. ಎರಡನೆಯ ಭಾಗವೇ ಮುಖ್ಯ. ಡೇರೆ ಒಣಹಾಕುವ ಕೋಣೆಯ ಮೇಲಿನ ಅಟ್ಟದಲ್ಲಿ ನನ್ನ ವಾಸ. ಹಾಸಿಗೆಗೆ ಸೀಮೆಎಣ್ಣೆಯ ವಾಸನೆ. ಕಿಟಕಿಯಲ್ಲಿ ಮಾತ್ರ ಗೋಡೆ ಕಾಣುವುದಿಲ್ಲ.

ನಾಳೆ ಒಂಬತ್ತು ಜನರ ಗುಂಪು ಹೊರಡುತ್ತದೆ. ದೊಡ್ಡ ಕಟ್ಟಡಗಳ ಗುತ್ತಿಗೆದಾರರೊಬ್ಬರಿಗೆ ಐವತ್ತು ತುಂಬುತ್ತಿದೆ. ಹೆಂಡತಿಯನ್ನೂ ಏಳು ಜನ ಗೆಳೆಯರನ್ನೂ ಕಟ್ಟಿಕೊಂಡು ಬಂದಿದ್ದಾರೆ. ಎರಡು ಶಿಖರಗಳ ನಡುವೆ ಒಂದು ಎತ್ತರದ ದಾಟು ಇದೆ, ನಾವು ಅದನ್ನು ನೆತ್ತಿ ಎನ್ನುತ್ತೇವೆ. ಹುಟ್ಟಿದ ದಿನ ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬೇಕಂತೆ. ಬ್ಯಾನರು ಈಗಾಗಲೇ ಸಿದ್ಧ.

ಮಂಡಿಗೆ ಬಿಸಿನೀರಿನ ಶಾಖ ಕೊಡು.

ಮೊಂಡಿ

*

ಅಕ್ಟೋಬರ್ ೩

ಅಮ್ಮಾ,

ಕೆಲಸ ಹೋಗುವ ಹಾಗಿದೆ. ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ಕೇಳು.

ನಾಲ್ಕನೆಯ ದಿನ ನಾವು ನೆತ್ತಿಯ ಕೆಳಗಿನ ಕೊನೆಯ ಶಿಬಿರ ತಲುಪಿದೆವು. ಆ ಎತ್ತರದಲ್ಲಿ ಗಾಳಿ ತೆಳು. ಕೆಲವರಿಗೆ ತಲೆನೋವು, ವಾಂತಿ, ಒಂದು ದಿನ ಇದ್ದು ಹೋಗುತ್ತದೆ. ಇನ್ನು ಕೆಲವರಿಗೆ ಮಿದುಳಿನಲ್ಲೇ ನೀರು ತುಂಬತೊಡಗುತ್ತದೆ. ಅಂಥವರು ಕುಡಿದವರ ಹಾಗೆ ತೂರಾಡುತ್ತಾರೆ. ಕೂಡಲೇ ಕೆಳಗಿಳಿಸಿದರೆ ಬದುಕುತ್ತಾರೆ, ಮೇಲಕ್ಕೆ ಒಯ್ದರೆ ಹೆಣ ಹೊತ್ತು ತರಬೇಕು. ನಡುವೆ ಇನ್ನೊಂದು ದಾರಿಯಿಲ್ಲ.

ಐದನೆಯ ದಿನ ಬೆಳಕು ಹರಿಯುವಾಗ ಎಲ್ಲರೂ ಹೊರಡಲು ನಿಂತಿದ್ದರು. ಗುತ್ತಿಗೆದಾರರು ಎಡಗೈಯ ಗ್ಲೌಸನ್ನು ಬಲಗೈಗೆ ಹಾಕಲು ಹೆಣಗುತ್ತಿದ್ದರು. ನಾನು ಕೋಲಿನಿಂದ ನೆಲದ ಮೇಲೆ ಒಂದು ಗೆರೆ ಎಳೆದೆ.

"ಸರ್, ಇದರ ಮೇಲೆ ನಡೀರಿ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ."

"ನಾನೇನು ಕುಡ್ದಿದೀನಾ?" ಅಂದರು. ಎಲ್ಲರೂ ನಕ್ಕರು. ನಾಲ್ಕನೆಯ ಹೆಜ್ಜೆಗೆ ಅವರು ಪಕ್ಕದಲ್ಲಿದ್ದ ನಮ್ಮ ಅಡುಗೆಯಣ್ಣನ ಹೆಗಲ ಮೇಲೆ ವಾಲಿದ್ದರು.

"ನೆಲ ಸಮ ಇಲ್ಲ," ಅಂದರು.

ಅವರ ಹೆಂಡತಿಯನ್ನು ನಡೆಯಲು ಹೇಳಿದೆ. ಆಕೆ ಆ ಕಡೆ ಈ ಕಡೆ ನೋಡದೆ ದಾರ ಹಿಡಿದ ಹಾಗೆ ನಡೆದುಹೋದರು. ಗಂಡನ ಮುಖ ಕೆಂಪಾಯಿತು.

"ನೀವು ಈಗಲೇ ಕೆಳಗೆ ಹೋಗ್ಬೇಕು ಸರ್. ಉಳಿದವರನ್ನ ನನ್ನ ಸಹಾಯಕ ನೆತ್ತಿಗೆ ಕರ್ಕೊಂಡು ಹೋಗ್ತಾನೆ," ಅಂದೆ.

"ನಾನಿಲ್ದೆ ಯಾರೂ ಹೋಗಲ್ಲ," ಅಂದರು. ಏಳು ಜನ ಗೆಳೆಯರೂ ತಲೆ ಆಡಿಸಿದರು. ಅವರಲ್ಲಿ ಒಬ್ಬ ಹಲ್ಲಿನ ಡಾಕ್ಟರು ಬೇರೆ. "ನೀನು ನಮ್ ಹತ್ರ ಕೆಲ್ಸ ಮಾಡೋಳು, ನೆನಪಿರ್ಲಿ," ಎಂದು ಗುತ್ತಿಗೆದಾರರು ಶಿಬಿರದ ಚಪ್ಪಲಿ ಕಳಚಿ ಬೂಟು ಹಾಕಿಕೊಳ್ಳಲು ಬಗ್ಗಿದರು. ಬಗ್ಗಿದವರು ಮುಗ್ಗರಿಸಿದರು. ನಾನು ಆ ಬೂಟುಗಳನ್ನು ಎತ್ತಿಕೊಂಡು ನನ್ನ ಚೀಲಕ್ಕೆ ಹಾಕಿ ಝಿಪ್ ಎಳೆದೆ.

"ಕೆಳಗಿಳಿಯೋದಾದ್ರೆ ಕೊಡ್ತೀನಿ. ಮೇಲೆ ಹೋಗೋದಾದ್ರೆ ಕಾಲ್ಚೀಲದಲ್ಲಿ ಹೋಗಿ."

ಬೈದರು. ನನ್ನನ್ನು, ನಿನ್ನನ್ನು, ನಾನು ಹುಟ್ಟಿದ್ದನ್ನು. ಗೆಳೆಯರಲ್ಲೊಬ್ಬ ಚೀಲಕ್ಕೆ ಕೈ ಹಾಕಿದ. ಅಡುಗೆಯಣ್ಣ ಸೌಟು ಹಿಡಿದೇ ನಡುವೆ ಬಂದು ನಿಂತ. ಅರ್ಧ ಗಂಟೆ ಹೀಗೇ ನಡೆಯಿತು. ಕೊನೆಗೆ ಅವರಿಗೆ ವಾಂತಿ ಶುರುವಾಯಿತು, ಕೂತರು. ಬೂಟು ನಾನೇ ತೊಡಿಸಿ ಲೇಸು ಕಟ್ಟಿದೆ. ಇಬ್ಬರು ಆಳುಗಳು ಎರಡು ಕಡೆ ಹಿಡಿದುಕೊಂಡರು, ಮಾತ್ರೆ ಕೊಟ್ಟು ಒಂದು ಸಾವಿರ ಮೀಟರು ಇಳಿಸಿದೆವು.

ಸಂಜೆಗೆ ಅವರು ಆರಾಮಾಗಿ ಸೂಪು ಕುಡಿಯುತ್ತಿದ್ದರು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ನೆತ್ತಿ ಅಲ್ಲಿಂದಲೂ ಫಳಫಳ ಹೊಳೆಯುತ್ತಿತ್ತು. "ನೋಡ್ರೋ, ನಂಗೇನಾಗಿದೆ? ಒಂದು ಹುಡುಗಿ ಹೆದರಿದ್ಲು ಅಂತ ಒಂಬತ್ತು ಜನದ ಪ್ರವಾಸ ಹಾಳಾಯ್ತು," ಎಂದು ಗೆಳೆಯರಿಗೆ ಹೇಳುವುದು ಕೇಳಿಸಿತು.

ಅವರು ಸಾಯದೇ ಉಳಿದದ್ದೇ ನನ್ನ ಮೇಲಿನ ದೂರಾಯಿತು, ಅಮ್ಮ. ಸತ್ತಿದ್ದರೆ ನಾನು ಹೇಳಿದ್ದು ಸರಿ ಎನ್ನುತ್ತಿದ್ದರೇನೋ.

ಈಗ ಕಂಪನಿಯ ಮ್ಯಾನೇಜರು ಟೈಪು ಮಾಡಿದ ಕಾಗದ ಕಳಿಸಿದ್ದಾರೆ. 'ನನ್ನ ಅನುಭವದ ಕೊರತೆಯಿಂದ ತಪ್ಪು ಅಂದಾಜು ಮಾಡಿ ಗ್ರಾಹಕರನ್ನು ಅವಮಾನಿಸಿದೆ, ಕ್ಷಮೆ ಕೋರುತ್ತೇನೆ' ಎಂದಿದೆ. ಕೆಳಗೆ ಸಹಿಗೆ ಜಾಗ ಬಿಟ್ಟಿದ್ದಾರೆ. ಸಹಿ ಹಾಕುವವರೆಗೆ ನನಗೆ ಗುಂಪು ಕೊಡುವುದಿಲ್ಲವಂತೆ.

ಮೊಂಡಿ

*

ಅಕ್ಟೋಬರ್ ೧೨

ಮಗಳೇ,

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲಿ ಕಾಜಾ ಹೊಲಿಯುವವಳಿಗೆ ಓದಿ ಹೇಳಿದೆ. ಬೂಟಿನ ಕಡೆಗೆ ಬಂದಾಗ ಅವಳು ನಕ್ಕು ನಕ್ಕು ಗುಂಡಿಯ ಡಬ್ಬ ಉರುಳಿಸಿದಳು. ನನಗೆ ನಗು ಬರಲಿಲ್ಲ.

ನೀನು ಮಾಡಿದ್ದು ತಪ್ಪು ಎನ್ನುತ್ತಿಲ್ಲ. ಆ ಮನುಷ್ಯ ಉಳಿದ, ನಿನ್ನ ಮನಸ್ಸಿಗೆ ಅದು ಗೊತ್ತು, ಸಾಕಲ್ಲ? ಎರಡು ಸಾಲಿನ ಕಾಗದ. ಸಹಿ ಹಾಕಿದರೆ ನಿನ್ನ ಕೈಯೇನೂ ಸವೆಯುವುದಿಲ್ಲ. ದೊಡ್ಡವರ ಜೊತೆ ಜಿದ್ದಿಗೆ ಬಿದ್ದು ಯಾರೂ ಉದ್ಧಾರವಾಗಿಲ್ಲ. ಹಾಕಿಬಿಡು, ಹಾಕಿ ಮರೆತುಬಿಡು. ಇಲ್ಲವಾದರೆ ಬಂದುಬಿಡು. ಶಾಲೆಯವರು ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ.

ಅಮ್ಮ

*

ಅಕ್ಟೋಬರ್ ೨೩

ಅಮ್ಮಾ,

ಸಹಿ ಹಾಕುವುದಿಲ್ಲ.

ನಾನು ಹಾಕಿದರೆ ಆ ಕಾಗದವನ್ನು ಕಂಪನಿಯವರು ಮುಂದಿನ ಮಾರ್ಗದರ್ಶಿಗೆ ತೋರಿಸುತ್ತಾರೆ. ಅವನು ಬೂಟು ಕಸಿಯುವ ಮೊದಲು ಒಂದು ನಿಮಿಷ ಯೋಚಿಸುತ್ತಾನೆ. ಆ ಒಂದು ನಿಮಿಷದಲ್ಲಿ ಯಾರೋ ಒಬ್ಬರು ಮೇಲಕ್ಕೆ ಹೋಗಿಬಿಟ್ಟಿರುತ್ತಾರೆ.

ಇನ್ನೊಂದು ಮಾತು. ಅಪ್ಪ ಕ್ರೇನಿನಿಂದ ಬಿದ್ದು ತೀರಿಕೊಂಡದ್ದು ಅವರದೇ ಅಜಾಗರೂಕತೆಯಿಂದ, ಬೆಲ್ಟು ಹಾಕಿಕೊಳ್ಳದೆ ಹತ್ತಿದರು ಎಂದು ನನಗೆ ಒಂಬತ್ತು ವರ್ಷವಿದ್ದಾಗ ನೀನೇ ಹೇಳಿದೆ. ಅದನ್ನು ಕೇಳಿಕೊಂಡೇ ಬೆಳೆದವಳು ನಾನು. ಇವತ್ತಿಗೂ ಪ್ರತಿ ಹಗ್ಗ, ಪ್ರತಿ ಕೊಕ್ಕೆಯನ್ನು ಎರಡು ಸಲ ಮುಟ್ಟಿ ನೋಡುತ್ತೇನೆ. ನನ್ನಲ್ಲಿ ಒಳ್ಳೆಯದು ಅಂತ ಏನಾದರೂ ಇದ್ದರೆ ಆ ಎಚ್ಚರ ಒಂದೇ. ಅದನ್ನೇ ತಪ್ಪು ಎಂದು ಬರೆದುಕೊಡು ಎನ್ನುತ್ತೀಯಲ್ಲ.

ಶಾಲೆಯ ವಿಷಯ ಮತ್ತೆ ಎತ್ತುವುದಾದರೆ ಬರೆಯಬೇಡ.

(ಸಹಿ ಹಾಕದವಳು)

*

ಡಿಸೆಂಬರ್ ೨

ಮಗಳೇ,

ಐದು ವಾರದಿಂದ ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವ ಮೊದಲೇ ಅಂಚೆಗೆ ಹಾಕುತ್ತೇನೆ.

ನಿನ್ನ ಅಪ್ಪ ಅಜಾಗರೂಕರಾಗಿರಲಿಲ್ಲ. ಬೆಲ್ಟಿನ ಕೊಕ್ಕೆ ಮುರಿದಿತ್ತು. ಎಂಟು ದಿನದಿಂದ ಅವರು ಮನೆಗೆ ಬಂದ ಕೂಡಲೇ ಅದನ್ನೇ ಹೇಳುತ್ತಿದ್ದರು. "ಹೊಸದು ಕೇಳಿದ್ರೆ, ನಾಳೆ ಬರತ್ತೆ ಅಂತಾನೆ ಆ ಮೇಸ್ತ್ರಿ," ಎನ್ನುತ್ತಿದ್ದರು. ಅವತ್ತು ಗಾಳಿ ಜೋರಿತ್ತು. ಹತ್ತುವುದಿಲ್ಲ ಎಂದರಂತೆ. ಹತ್ತದಿದ್ದರೆ ಮನೆಗೆ ಹೋಗು ಎಂದನಂತೆ ಮೇಸ್ತ್ರಿ. ಹತ್ತಿದರು.

ಅವರು ಹೋದ ನಾಲ್ಕನೆಯ ದಿನ ಆಫೀಸಿನಿಂದ ಒಬ್ಬ ಬಂದ. ಒಳ್ಳೆಯ ಮನುಷ್ಯನ ಹಾಗೆಯೇ ಇದ್ದ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. 'ನನ್ನ ಗಂಡ ಬೆಲ್ಟು ಹಾಕದೆ ತನ್ನ ತಪ್ಪಿನಿಂದ ಬಿದ್ದರು' ಎಂದು ಬರೆದ ಕಾಗದ ಮೇಜಿನ ಮೇಲಿಟ್ಟ. ನಾವಿದ್ದದ್ದು ಕಂಪನಿಯ ಮನೆ. ಸಹಿ ಹಾಕಿದರೆ ನಿನ್ನ ಪರೀಕ್ಷೆ ಮುಗಿಯುವವರೆಗೆ ಇರಬಹುದು, ಇಲ್ಲವಾದರೆ ಭಾನುವಾರದೊಳಗೆ ಖಾಲಿ ಮಾಡಬೇಕು ಎಂದ. ನೀನು ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಹಾಕಿದೆ.

ಹಾಕಿದ ಮೇಲೆ ಅದನ್ನೇ ನಿಜವೆಂದು ನಿನಗೆ ಹೇಳಿದೆ. ಹೇಳಿ ಹೇಳಿ ನನಗೂ ಅರ್ಧ ನಿಜವೇ ಆಯಿತು. ಮರೆತುಬಿಡು ಎಂದು ನಿನಗೆ ಬರೆದೆನಲ್ಲ, ಇಪ್ಪತ್ತು ವರ್ಷದಲ್ಲಿ ನಾನು ಒಂದು ದಿನವೂ ಮರೆತಿಲ್ಲ.

ನೀನು ಸಹಿ ಹಾಕಬೇಡ.

ಅಮ್ಮ

*

ಡಿಸೆಂಬರ್ ೨೦

ಅಮ್ಮಾ,

ನಿನ್ನ ಕಾಗದವನ್ನು ತೆಗೆದುಕೊಂಡು ಹಿಮ ಬಿದ್ದ ದಾರಿಯಲ್ಲಿ ಬಹಳ ದೂರ ನಡೆದೆ. ವಾಪಸು ಬಂದು ಪಾತ್ರೆ ತೊಳೆದೆ. ಚಳಿಗಾಲಕ್ಕೆ ಒಂದು ವಸತಿಗೃಹದ ಅಡುಗೆಮನೆಯಲ್ಲಿ ಸೇರಿದ್ದೇನೆ. ಕಂಪನಿಯವರು ನನ್ನನ್ನು ತೆಗೆದುಹಾಕಿದರು.

ನಿನ್ನ ಮೇಲೆ ಸಿಟ್ಟು ಬಂತು. ಹೋಯಿತು ಎಂದು ಸುಳ್ಳು ಹೇಳುವುದಿಲ್ಲ. ಆದರೆ ಆ ದಿನ ನಿನಗೆ ಮೂವತ್ತನಾಲ್ಕು ವರ್ಷ. ನನ್ನ ಪಕ್ಕದಲ್ಲಾದರೂ ಸೌಟು ಹಿಡಿದ ಅಡುಗೆಯಣ್ಣ ಇದ್ದ. ನಿನ್ನ ಪಕ್ಕ ಯಾರಿದ್ದರು?

ಅಪ್ಪ ಹತ್ತುವುದಿಲ್ಲ ಎಂದಿದ್ದರು. ಆ ಒಂದು ಮಾತನ್ನು ಇಷ್ಟು ವರ್ಷ ನನಗೆ ಕೊಡದೆ ಇಟ್ಟುಕೊಂಡೆಯಲ್ಲ.

ಕೈಯೆಲ್ಲ ಸೋಪಿನಿಂದ ಒಡೆದಿದೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ನಿನ್ನ ಮೊಂಡಿ

*

ಜನವರಿ ೧೮

ಮಾರ್ಗದರ್ಶಿ ಅವರಿಗೆ,

ನಾನು ಗುತ್ತಿಗೆದಾರರ ಹೆಂಡತಿ. ಗೆರೆಯ ಮೇಲೆ ನಡೆದವಳು.

ಹಿಂದಿನ ದಿನ ಸಂಜೆ ನಮ್ಮ ಡೇರೆಯ ಮುಂದೆಯೇ ನಿಂತುಕೊಂಡು "ನಮ್ಮ ಡೇರೆ ಎಲ್ಲಿದೆ?" ಎಂದು ಇವರು ನನ್ನನ್ನು ಕೇಳಿದ್ದರು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅವರಿಗೆ ಅವಮಾನವಾಗುತ್ತದೆ ಎಂದುಕೊಂಡೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಮೈಗೆ ಹತ್ತಿದ ಅಭ್ಯಾಸ. ನೀವು ಬೂಟು ತೆಗೆದುಕೊಂಡಾಗ ನನಗೆ ಒಳಗೊಳಗೇ ಸಮಾಧಾನವಾಯಿತು, ಆಮೇಲೆ ನನ್ನ ಮೇಲೆ ಹೇಸಿಗೆಯಾಯಿತು.

ನಿಮ್ಮನ್ನು ಕೆಲಸದಿಂದ ತೆಗೆದರೆಂದು ಮೊನ್ನೆ ತಿಳಿಯಿತು. ಇವರು ಅದನ್ನು ಊಟದ ಮೇಜಿನಲ್ಲಿ ಹೆಮ್ಮೆಯಿಂದ ಹೇಳಿದರು. ನಾನು ನಡೆದದ್ದೆಲ್ಲವನ್ನೂ ಬರೆದು ಕಂಪನಿಗೆ ಕಳಿಸಿದ್ದೇನೆ, ಅದರ ಪ್ರತಿಯನ್ನು ಇವರ ತಟ್ಟೆಯ ಪಕ್ಕದಲ್ಲಿಟ್ಟೆ. ಅಂದಿನಿಂದ ಮಾತು ಬಿಟ್ಟಿದ್ದಾರೆ. ನಿಜ ಹೇಳುವುದಾದರೆ ಮನೆಯಲ್ಲಿ ನೆಮ್ಮದಿಯಾಗಿದೆ.

ಇವರು ಬದುಕಿದ್ದಾರೆ. ಅದಕ್ಕೆ ಧನ್ಯವಾದ ಹೇಳಲು ಅವರಿಗೆ ಬಾಯಿ ಬರುವುದಿಲ್ಲ, ನನಗೆ ಬರುತ್ತದೆ.

ಇಂತಿ,
ನೇರ ನಡೆದವಳು

*

ಫೆಬ್ರವರಿ ೯

ಅಮ್ಮಾ,

ಗುತ್ತಿಗೆದಾರರ ಹೆಂಡತಿಯ ಕಾಗದವನ್ನು ಇದರೊಳಗೆ ಮಡಿಸಿಟ್ಟಿದ್ದೇನೆ, ಓದಿ ವಾಪಸು ಕಳಿಸು. ಕಂಪನಿಯ ಮ್ಯಾನೇಜರು ವಸತಿಗೃಹಕ್ಕೇ ಬಂದಿದ್ದರು. ನಾನು ಒದ್ದೆ ಕೈಯಲ್ಲೇ ನಿಂತು ಮಾತಾಡಿದೆ.

"ಆದದ್ದು ಆಯ್ತಮ್ಮ. ಬಂದ್ಬಿಡು, ಎಲ್ಲಾ ಮರ್ತುಬಿಡೋಣ," ಅಂದರು.

"ಮರೆಯೋದು ಬೇಡ ಸರ್. ನಾನು ಮಾಡಿದ್ದು ಸರಿ ಅಂತ ಒಂದು ಕಾಗದ ಟೈಪ್ ಮಾಡಿಸಿ, ನೀವು ಸಹಿ ಹಾಕಿ. ನಾಳೇನೇ ಬರ್ತೀನಿ."

ಅವರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು.

ನಾನೂ ಅಡುಗೆಯಣ್ಣನೂ ಸೇರಿ ನಮ್ಮದೇ ಸಣ್ಣ ಗುಂಪು ಹೊರಡಿಸುತ್ತೇವೆ. ಅವನೂ ಕಂಪನಿಯ ಕೆಲಸ ಬಿಟ್ಟ. ಡೇರೆಗಳು ಹಳೆಯವು, ತೇಪೆ ಹಾಕಬೇಕು. ಗಿರಾಕಿ ಮಾತ್ರ ಇನ್ನೂ ಒಬ್ಬರೂ ಇಲ್ಲ.

ಮೊಂಡಿ

*

ಮಾರ್ಚ್ ೧

ಮಗಳೇ,

ಗಿರಾಕಿ ಇದ್ದಾರೆ. ಆರು ಜನ.

ಆ ಹೆಂಗಸಿನ ಕಾಗದ ಓದಿದ ಮೇಲೆ ಕಾಜಾದವಳು, "ಅಕ್ಕ, ನಾನು ಹುಟ್ಟಿದಾಗ್ಲಿಂದ ಎರಡನೇ ಮಹಡಿಗಿಂತ ಎತ್ತರ ಹೋಗಿಲ್ಲ," ಅಂದಳು. ಇಸ್ತ್ರಿಯವಳು, "ನಾನೂ ಬರ್ತೀನಿ, ಹೋದ್ರೆ ಹೋಗೋಣ," ಅಂದಳು. ಸಂಜೆಯೊಳಗೆ ಆರಾದೆವು. ನಾನು ಆರನೆಯವಳು. ನಗಬೇಡ.

ಇನ್ನೊಂದು ಕೆಲಸ ಮಾಡಿದ್ದೇನೆ. ಕ್ರೇನ್ ಕಂಪನಿಯ ಆಫೀಸು ಹುಡುಕಿಕೊಂಡು ಹೋದೆ. ಈಗ ಗಾಜಿನ ಬಾಗಿಲು, ಒಳಗೆ ಎಲ್ಲ ಎಳೆ ಮುಖಗಳು. ನಿನ್ನ ಅಪ್ಪನ ವಿಷಯದಲ್ಲಿ ನಾನು ಬರೆದುಕೊಟ್ಟದ್ದು ಸುಳ್ಳು, ಕೊಕ್ಕೆ ಮುರಿದಿತ್ತು, ಅವರು ಹತ್ತುವುದಿಲ್ಲ ಎಂದಿದ್ದರು, ಎಂದು ಬರೆದು ತೆಗೆದುಕೊಂಡು ಹೋಗಿದ್ದೆ. ಕೌಂಟರಿನ ಹುಡುಗಿ, "ಇಷ್ಟು ಹಳೇದಕ್ಕೆಲ್ಲಾ ಈಗ ಏನೂ ಮಾಡಕ್ಕಾಗಲ್ಲ ಆಂಟಿ," ಅಂದಳು. "ಮಾಡ್ಬೇಡಮ್ಮ. ತಗೊಂಡೆ ಅಂತ ಮುದ್ರೆ ಒತ್ತಿಕೊಡು," ಅಂದೆ. ಅವಳು ಒಳಗೆ ಹೋಗಿ ಕೇಳಿ ಬಂದಳು, ಮತ್ತೆ ಹೋದಳು. ಮೂರು ಗಂಟೆ ಕೂತೆ. ಮುದ್ರೆ ಬಿತ್ತು.

ಅಮ್ಮ

*

ಮಾರ್ಚ್ ೧೪

ಅಮ್ಮಾ,

ನಗಲಿಲ್ಲ. ಮುದ್ರೆ ಬಿದ್ದ ಕಾಗದದ ಒಂದು ಪ್ರತಿ ನನಗೆ ಬೇಕು.

ಇನ್ನು ಮಾರ್ಗದರ್ಶಿಯಾಗಿ ಬರೆಯುತ್ತೇನೆ, ಮಗಳಾಗಿ ಅಲ್ಲ. ಇವತ್ತಿನಿಂದ ದಿನವೂ ಮೆಟ್ಟಿಲು ಹತ್ತಿ ಇಳಿಯಬೇಕು, ಮೊದಲ ವಾರ ಹತ್ತು ಸಲ. ಆಮೇಲೆ ಬೆನ್ನಿಗೆ ಭಾರ ಹಾಕಿಕೊಂಡು. ನಿನ್ನ ಮಂಡಿಯನ್ನು ಡಾಕ್ಟರಿಗೆ ತೋರಿಸಿ ಅವರ ಮಾತನ್ನು ಇದ್ದ ಹಾಗೇ ಬರೆ. ಎಲ್ಲರೂ ಬೂಟು ಈಗಲೇ ಕೊಂಡು ಮನೆಯೊಳಗೇ ಹಾಕಿ ಓಡಾಡಿ, ಹೊಸ ಬೂಟು ಬೆಟ್ಟದಲ್ಲಿ ಕಾಲು ಕಚ್ಚುತ್ತದೆ. ನೆತ್ತಿಗೆ ಹೋಗುತ್ತೇವೋ ಇಲ್ಲವೋ ಅಲ್ಲಿ ಹೇಳುತ್ತೇನೆ. ನಾನು ಇಳಿ ಎಂದರೆ ಇಳಿಯಬೇಕು. ಅಮ್ಮನೆಂದು ರಿಯಾಯಿತಿ ಇಲ್ಲ.

ಮೇ ಮೂರನೆಯ ವಾರ ಬನ್ನಿ.

ಮೊಂಡಿ

*

ಮೇ ೧೦

ಮಗಳೇ,

ಡಾಕ್ಟರು ಹೇಳಿದ್ದು ಇದ್ದ ಹಾಗೇ: "ಸವೆದಿದೆ, ಆದರೆ ಮುರಿದಿಲ್ಲ. ಎರಡು ಕೋಲು ಹಿಡಿದು ನಿಧಾನಕ್ಕೆ ಹೋಗಿ." ದಿನಾ ಬೆಳಿಗ್ಗೆ ಆರೂ ಜನ ಬಟ್ಟೆಯ ಥಾನು ಬೆನ್ನಿಗೆ ಕಟ್ಟಿಕೊಂಡು ಕಾರ್ಖಾನೆಯ ಮೆಟ್ಟಿಲು ಹತ್ತಿ ಇಳಿಯುತ್ತೇವೆ. ಕತ್ತರಿ ಮೇಷ್ಟ್ರು ಮೊದಲು ಹಾಸ್ಯ ಮಾಡುತ್ತಿದ್ದರು. ಈಗ ಗಡಿಯಾರ ಹಿಡಿದು ನಿಲ್ಲುತ್ತಾರೆ.

ತೊಂದರೆ ಬೇರೆ ಕಡೆ ಇದೆ. ಶಾಲೆಗಳ ಆರ್ಡರು ಮುಗಿಸಿದರೆ ಹತ್ತು ದಿನ ರಜೆ ಎಂದು ಯಜಮಾನರು ಮಾರ್ಚಿನಲ್ಲೇ ಒಪ್ಪಿದ್ದರು. ಮುಗಿಸಿದೆವು, ವಾರ ಮೊದಲೇ. ನಿನ್ನೆ ಎಲ್ಲರನ್ನೂ ಕರೆದು, ಇನ್ನೊಂದು ಆರ್ಡರು ಹಿಡಿದಿದ್ದೇನೆ, ಯಾರಿಗೂ ರಜೆ ಇಲ್ಲ ಎಂದರು. "ನೀವು ಒಪ್ಪಿದ್ರಲ್ಲ ಸಾರ್," ಅಂದೆ. "ಒಪ್ಪಿದ್ದೆ, ಈಗ ಒಪ್ತಿಲ್ಲ. ಹೋಗೋರು ಹೋಗಿ, ಆಮೇಲೆ ಮಷೀನು ಇಲ್ಲಿ ಇರತ್ತೋ ಇಲ್ವೋ ಗೊತ್ತಿಲ್ಲ," ಅಂದರು.

ಆರು ಜನವೂ ಮೆಟ್ಟಿಲ ಮೇಲೆ ಕೂತು ಮಾತಾಡಿದೆವು. ಇಸ್ತ್ರಿಯವಳು ಅತ್ತಳು. ಅವಳಿಗೆ ಇಬ್ಬರು ಸಣ್ಣ ಮಕ್ಕಳು. ನೀನು ಬರದಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ಬೂಟು ಕೊಂಡಾಗಿದೆ ಅಕ್ಕ," ಅಂದಳು.

ಹದಿನೆಂಟಕ್ಕೆ ಹೊರಡುತ್ತೇವೆ.

ಅಮ್ಮ

*

ಮೇ ೨೪
ಕೊನೆಯ ಶಿಬಿರ

ಯಜಮಾನರಿಗೆ,

ಹದಿನೆಂಟನೇ ತಾರೀಖಿನಿಂದ ನಿಮ್ಮ ಕಾರ್ಖಾನೆಯಲ್ಲಿ ಆರು ಮಷೀನುಗಳು ಸುಮ್ಮನೆ ಕೂತಿವೆ. ಅವು ಕೆಟ್ಟಿಲ್ಲ, ರಿಪೇರಿಯವನನ್ನು ಕರೆಸಬೇಡಿ. ನಡೆಸುವವರು ಇಲ್ಲಿದ್ದೇವೆ.

ಹೊರಡುವಾಗ ನಿಮ್ಮ ಮೇಜಿನ ಮೇಲೆ ರಜೆಯ ಅರ್ಜಿ ಇಟ್ಟಿದ್ದೆವು. ಇದು ಅರ್ಜಿಯಲ್ಲ. ನೀವು ಮಾರ್ಚಿನಲ್ಲಿ ಕೊಟ್ಟ ಹತ್ತು ದಿನವನ್ನು ನಾವು ತೆಗೆದುಕೊಂಡಿದ್ದೇವೆ ಎಂದು ತಿಳಿಸುವ ಕಾಗದ. ಇಪ್ಪತ್ತೆಂಟನೇ ತಾರೀಖು ಬೆಳಿಗ್ಗೆ ಎಂಟೂವರೆಗೆ ಆರೂ ಜನ ಬಾಗಿಲಲ್ಲಿ ಇರುತ್ತೇವೆ. ನಮ್ಮ ಜಾಗದಲ್ಲಿ ಬೇರೆಯವರು ಕೂತಿದ್ದರೆ ಅವರನ್ನು ಎಬ್ಬಿಸುವುದಿಲ್ಲ, ಅವರ ಮೇಲೆ ನಮಗೇನೂ ಇಲ್ಲ. ನಿಮ್ಮ ಕೋಣೆಗೆ ಬಂದು ನಿಮ್ಮ ಎದುರು ಕೂರುತ್ತೇವೆ. ಎಷ್ಟು ಹೊತ್ತಾದರೂ ಕೂರಬಲ್ಲೆವು.

ಇಲ್ಲಿ ಬೆಳಿಗ್ಗೆ ನೀರು ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಕಾಜಾದವಳಿಗೆ ಎರಡು ದಿನ ತಲೆನೋವಿತ್ತು, ಇವತ್ತು ಹಾಡುತ್ತಿದ್ದಾಳೆ, ತಲೆನೋವೇ ವಾಸಿ ಅನಿಸುತ್ತಿದೆ. ಇಸ್ತ್ರಿಯವಳು ಎಲ್ಲರಿಗಿಂತ ಮುಂದೆ ನಡೆಯುತ್ತಾಳೆ, ಹಿಂದಕ್ಕೆ ಕರೆದು ಕರೆದು ನಮ್ಮ ಮಾರ್ಗದರ್ಶಿಯ ಗಂಟಲು ಒಣಗಿದೆ. ಮಾರ್ಗದರ್ಶಿ ನನ್ನ ಮಗಳು. ನಿನ್ನೆ ಅವಳು ನನ್ನ ಕಾಲಿನ ಗುಳ್ಳೆಗೆ ಪಟ್ಟಿ ಕಟ್ಟಿ, ಬೂಟು ತಾನೇ ತೊಡಿಸಿ, ಲೇಸನ್ನು ಎರಡು ಸಲ ಮುಟ್ಟಿ ನೋಡಿದಳು. ಅದು ನಿಮಗೆ ಬೇಡದ ವಿಷಯ, ಆದರೂ ಬರೆದೆ.

ಹಗ್ಗ ಹೊತ್ತ ಒಬ್ಬರು ಕೆಳಗೆ ಹೋಗುತ್ತಿದ್ದಾರೆ, ಇದನ್ನು ಅಂಚೆಗೆ ಹಾಕುತ್ತಾರಂತೆ. ಅವರು ಕಾಯುತ್ತಿದ್ದಾರೆ, ನನ್ನವರೂ ಕಾಯುತ್ತಿದ್ದಾರೆ, ಮುಗಿಸುತ್ತೇನೆ. ಕಾಗದ ಕೆಳಕ್ಕೆ ಹೊರಟಿದೆ. ನಾವು ಮೇಲಕ್ಕೆ.

ಇಂತಿ,
ಕಾಲರ್ ಹೊಲಿಯುವವಳು
ಮತ್ತು ಜೊತೆಗಿರುವ ಐವರು